ಕೊಯಮತ್ತೂರಿನ ಕೈ

ಮಗಳು ಸಿಂಧುಜಾ ಆರು ವರ್ಷದವಳಿದ್ದಾಗ ಅವಳಿಗೊಂದು ಮಾತು ಕೊಟ್ಟಿದ್ದೆ. ತೂಕ ಹೆಚ್ಚಲಿ ಎಂದು ನಾನು ಚಹಾ ಎಲೆಯ ಮೂಟೆಗೆ ನೀರು ಚಿಮುಕಿಸಿ, ಎಲೆ ಕೊಳ್ಳುವ ಏಜೆಂಟ್ ಕೇಳಿದರೆ ಇಬ್ಬನಿ ಅನ್ನು ಎಂದು ಅವಳಿಗೆ ಕಲಿಸಿದ್ದೆ. ಹಾಗೇ ಹೇಳಿದಳು, ಆಮೇಲೆ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. "ಇನ್ಯಾವತ್ತೂ ನಿನ್ನ ಬಾಯಲ್ಲಿ ಸುಳ್ಳು ಹೇಳಿಸಲ್ಲ ಕಣೆ" ಎಂದಿದ್ದೆ.

ಈಗ ಅವಳು ಒಂಬತ್ತನೇ ಕ್ಲಾಸು. ಊಟಿಯಲ್ಲಿ ಶಾಲೆಗಳ ರೋಬೋಟ್ ಸ್ಪರ್ಧೆ, ಜೊತೆಗೆ ನಾನೂ ಬಂದಿದ್ದೆ. ಅವಳ ಸೋಲೂರು ಶಾಲೆಯ ತಂಡದ ಪ್ರಾಯೋಜಕ ಅದೇ ಎಲೆ ಏಜೆಂಟ್ ಶಕ್ತಿವೇಲ್. ಮಕ್ಕಳ ಟೀಶರ್ಟಿನ ಬೆನ್ನ ಮೇಲೆಲ್ಲ ಅವನ ಹೆಸರು; ಅವನ ಮಗನೂ ತಂಡದಲ್ಲಿದ್ದಾನೆ. ಮಕ್ಕಳು ಮಾಡಿದ್ದ ರೋಬೋಟಿನ ಕೈ ಚೆಂಡು ಹಿಡಿಯದೆ ಬೀಳಿಸುತ್ತಿತ್ತು. ಹೋದ ವಾರ ಅವನು ಕೊಯಮತ್ತೂರಿನ ವರ್ಕ್‌ಶಾಪಿನಲ್ಲಿ ಬೇರೆ ಕೈ ಮಾಡಿಸಿ ತಂದು ಕೂಡಿಸಿಬಿಟ್ಟ. ಎಲ್ಲವನ್ನೂ ಮಕ್ಕಳೇ ಮಾಡಿರಬೇಕೆಂಬುದು ಸ್ಪರ್ಧೆಯ ನಿಯಮ.

ಪಕ್ಕದ ಮೇಜಿನ ಮಸಿನಗುಡಿ ಹುಡುಗಿಯರು ಮುರಿದ ಕೊಡೆಯ ಕಡ್ಡಿಗಳಿಂದ ಕೈ ಮಾಡಿದ್ದರು.

"ಏಯ್ ಸೋಲೂರು, ನಿಮ್ಮ ಕೈ ಭಾರಿ ಪಳಪಳ ಅಂತದೆ. ಬಳೆ ತೊಡಿಸ್ಲಿಲ್ವಾ?" ಎಂದಳು ಒಬ್ಬಳು. ಸಿಂಧುಜಾ ನಗಲಿಲ್ಲ.

ತೀರ್ಪುಗಾರ್ತಿ ಭುವನಾ ಮೇಡಂ ಒಂದೊಂದು ರೋಬೋಟನ್ನೂ ಬಿಚ್ಚಿಸಿ ನೋಡುತ್ತಾ ಬರುತ್ತಿದ್ದರು. ಇನ್ನೆರಡೇ ಮೇಜು. ಶಕ್ತಿವೇಲ್ ನನ್ನ ಬೆನ್ನ ಹಿಂದೆ ಬಂದು ನಿಂತ.

"ಅಕ್ಕಾ, ಹುಡುಗಿ ಒಂಥರಾ ನಿಂತವ್ಳೆ. ಸ್ವಲ್ಪ ಹೇಳ್ಕೊಡಿ."

"ಏನಂತ ಅಣ್ಣಾ?"

"ಕೈಯೂ ನಾವೇ ಮಾಡಿದ್ದು ಅಂತ. ಅಷ್ಟೇ." ನಕ್ಕ. "ನಾಳೆ ನಿಮ್ದು ಕೊಯ್ಲಲ್ವಾ? ವ್ಯಾನ್ ನಿಮ್ಮ ತಿರುವಿಗೆ ಬರ್ಬೇಕು ತಾನೆ?"

ನಮ್ಮ ಹಟ್ಟಿಗೆ ಬರುವುದು ಅವನ ವ್ಯಾನ್ ಒಂದೇ. ಕಿತ್ತ ಎಲೆ ಅಂದೇ ಫ್ಯಾಕ್ಟರಿ ಸೇರದಿದ್ದರೆ ಮೂಟೆಯೊಳಗೇ ಬಿಸಿಯಾಗಿ ಕೆಂಪಾಗುತ್ತದೆ. ಆಮೇಲೆ ಯಾರೂ ಮುಟ್ಟುವುದಿಲ್ಲ. ಹೋದ ವರ್ಷ ಅವನಿಗೆ ಎದುರಾಡಿದ ಪಕ್ಕದ ತೋಟದ ರಂಗಿಯ ಎರಡು ಕೊಯ್ಲು ರಸ್ತೆ ಬದಿಯಲ್ಲೇ ಕೊಳೆಯಿತು. ಆ ಹುಳಿ ವಾಸನೆ ಇಲ್ಲಿಯೇ, ಈ ಸ್ಪರ್ಧೆಯ ಹಾಲ್‌ನಲ್ಲೇ ಮೂಗಿಗೆ ಬಡಿದಂತಾಯಿತು.

ಮೇಡಂ ಬಂದರು. ಕೈಯನ್ನು ಎತ್ತಿ, ತಿರುಗಿಸಿ, ಬೆರಳಿನ ತಿರುಪುಗಳನ್ನು ಮುಟ್ಟಿದರು.

"ಇದನ್ನ ಯಾರಮ್ಮ ಮಾಡಿದ್ದು?"

ಸಿಂಧುಜಾ ನನ್ನನ್ನೇ ನೋಡಿದಳು. ನನ್ನ ಕತ್ತಿಗೆ ಶಕ್ತಿವೇಲನ ಉಸಿರು ತಾಗುತ್ತಿತ್ತು.

"ಇವಳಿಗೆ ನಾಚಿಕೆ ಮೇಡಂ," ಎಂದೆ. "ಹೇಳವ್ವಾ, ನಾವೇ ಮಾಡಿದ್ದು ಅಂತ."

"ನಾವೇ ಮಾಡಿದ್ದು," ಎಂದಳು, ನನ್ನ ಮುಖದಿಂದ ಕಣ್ಣು ತೆಗೆಯದೆ.

ಮೇಡಂ ಹಾಳೆಯಲ್ಲಿ ಬರೆದುಕೊಂಡು ಮಸಿನಗುಡಿಯವರ ಮೇಜಿಗೆ ಹೋದರು. ಮಗಳಿಗೆ ಕೊಟ್ಟ ಮಾತನ್ನು ನಾನು ಮುರಿದೆ.