ಜವರಪ್ಪನಿಗೆ ಎತ್ತುಗಳೇ ಇರಲಿಲ್ಲ

ದಟ್ಟಗಳ್ಳಿಯ ಜವರಪ್ಪ ಎರಡು ದಿನ ಹಲ್ಲು ಸೆಟ್ ಹಾಕಿಕೊಂಡು, ಇಸ್ತ್ರಿ ಅಂಗಿ ತೊಟ್ಟು ವರಾಂಡದಲ್ಲಿ ಕಾದ. ಒಂಬತ್ತನೇ ತರಗತಿಯ ಮೊಮ್ಮಗಳು ಮಾನಸಳಿಗೆ, ಮನೆಯ ಹಿರಿಯರನ್ನು ಮಾತಾಡಿಸಿ ಅವರ ಬದುಕನ್ನು ಬರೆದು ತರುವಂತೆ ಶಾಲೆಯಲ್ಲಿ ಹೇಳಿದ್ದರು. ಹೇಳುವುದಕ್ಕೆ ಅವನಲ್ಲಿ ಬೇಕಾದಷ್ಟಿತ್ತು. ಮೂವತ್ತು ವರ್ಷ ರೋಡ್ ರೋಲರ್ ಓಡಿಸಿದವನು. ಹುಡುಗಿ ಮಾತ್ರ ಪುಸ್ತಕ ಹಿಡಿದು ಬರಲೇ ಇಲ್ಲ. ಮೂರನೆಯ ದಿನ ಹಲ್ಲನ್ನು ಡಬ್ಬಿಗೆ ಹಾಕಿಟ್ಟ.

ವಾರದ ಮೇಲೆ ಶಾಲೆಯಿಂದ ಚೀಟಿ ಬಂತು. ಮಾನಸಳ ಬರಹಕ್ಕೆ ಮೊದಲ ಬಹುಮಾನ. ಶನಿವಾರ ತಾತನೂ ವೇದಿಕೆಗೆ ಬರಬೇಕು, ಮಕ್ಕಳು ಪ್ರಶ್ನೆ ಕೇಳುತ್ತಾರೆ. ಸೊಸೆ ಸೌಮ್ಯ ಹಿಗ್ಗಿಹೋದಳು. ಪಕ್ಕದ ಮನೆಯ ನಿವೃತ್ತ ಟೀಚರ್ ಅಂಬುಜಾ ಅವರನ್ನೂ ಕರೆದು, ಬರಹವನ್ನು ಗಟ್ಟಿಯಾಗಿ ಓದಿದಳು. ಅದರೊಳಗಿನ ಜವರಪ್ಪ ನಸುಕಿಗೆದ್ದು ಹೊಲ ಉಳುತ್ತಿದ್ದ. ಮುದಿ ಎತ್ತು ಸತ್ತಾಗ ಅದರ ಕೊರಳು ತಬ್ಬಿ ಅತ್ತಿದ್ದ.

“ನಂಗೆ ಯಾವತ್ತವ್ವ ಎತ್ತಿದ್ವು?” ಅಂದ ಜವರಪ್ಪ.

ಮಾನಸ ತಲೆ ತಗ್ಗಿಸಿದಳು. ‘ಹಳ್ಳಿಯಿಂದ ಬಂದ ತಾತ’ ಎಂದಷ್ಟೇ ಫೋನಿನ ಎಐಗೆ ಹೇಳಿದ್ದಳಂತೆ. ಮಿಕ್ಕಿದ್ದೆಲ್ಲ ಅದೇ ಬರೆದಿತ್ತು.

ಸೌಮ್ಯ ಸೋಲಲಿಲ್ಲ. “ಎಲ್ರೂ ಮಾಡ್ತಾರೆ, ಬುಡಿ ಮಾವ. ಕ್ಯಾಲ್ಕುಲೇಟರಲ್ಲಿ ಲೆಕ್ಕ ಮಾಡಿದ್ರೆ ತಪ್ಪಾ?”

“ಕ್ಯಾಲ್ಕುಲೇಟರಲ್ಲಿ ಮಾಡಿ, ಬಾಯಲ್ಲೇ ಮಾಡ್ದೆ ಅಂತ ಬಹುಮಾನ ಇಸ್ಕೊಂಡ್ರೆ ತಪ್ಪು ಕಣಮ್ಮ,” ಅಂದರು ಅಂಬುಜಾ. ಗೊತ್ತಿಲ್ಲದ್ದನ್ನು ಎಐ ಕೇಳಿ ತಿಳಿಯುವುದು, ಟೀಚರ್ ಒಪ್ಪಿದರೆ ವಾಕ್ಯ ತಿದ್ದಿಸಿಕೊಂಡು ಹಾಗೆಂದು ಹೇಳುವುದು ಬೇರೆ. ಅದು ಬರೆದದ್ದನ್ನು ನಾನೇ ಬರೆದೆ ಅನ್ನುವುದು ಬೇರೆ ಎಂದು ಬಿಡಿಸಿ ಹೇಳಿದರು. “ಅಜ್ಜಿ ಹತ್ರ ಕೂತು ನಿಜವಾಗ್ಲೂ ಬರೆದ ಮಗು ಒಂದಿರತ್ತಲ್ಲ, ಅದಕ್ಕೆ ಮೋಸ.”

ಶನಿವಾರ ಒಂದು ದಿನ ಮಾವ ಹೂಂ ಅಂದುಬಿಟ್ಟರೆ ಮುಗಿಯಿತಲ್ಲ ಎಂದು ಸೌಮ್ಯ ಗೊಣಗಿದಳು. ಜವರಪ್ಪ ರೇಗಿ ಎದ್ದು ಹೋದ.

ಕೋಪ ಎರಡು ದಿನವೂ ನಿಲ್ಲಲಿಲ್ಲ. ಅಷ್ಟು ಜನರ ಮುಂದೆ ಕೂಸಿನ ಮಾನ ಹೋಗುವುದನ್ನು ನೆನೆದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಶುಕ್ರವಾರ ಸಂಜೆ ಹಲ್ಲು ಹಾಕಿಕೊಂಡು ಕನ್ನಡಿ ಮುಂದೆ ನಿಂತು, ಬರಹದಲ್ಲಿದ್ದುದನ್ನೇ ಪಾಠದಂತೆ ಒಪ್ಪಿಸತೊಡಗಿದ.

“ನಮ್ಮ ಎತ್ಗಳ ಹೆಸ್ರು ಕೆಂಚ, ಕರಿಯ. ಕರಿಯ ಸತ್ತಾಗ ನಾನು… ಸತ್ತಿದ್ದು ಕೆಂಚನೋ?”

ತಿರುಗಿದರೆ ಬಾಗಿಲಲ್ಲಿ ಮಾನಸ, ಕಣ್ತುಂಬ ನೀರು.

“ಬೇಡ ತಾತ. ಮಿಸ್ ಹತ್ರ ಹೇಳ್ಬುಡ್ತೀನಿ.”

“ಬಹುಮಾನ ಹೋಯ್ತದೆ ಮಗಾ.”

“ಹೋಗ್ಲಿ. ನೀನು ಸುಳ್ಳು ಕಲೀಬೇಡ.”

ಬೆಳಿಗ್ಗೆ ಕಾರ್ಯಕ್ರಮಕ್ಕೆ ಮುಂಚೆಯೇ ಹೋಗಿ ಹೇಳಿದಳು. ಬಹುಮಾನ ಲಹರಿ ಎಂಬ ಹುಡುಗಿಗೆ ಹೋಯಿತು. ಮಿಸ್ ಬೈದರು, ಆಮೇಲೆ ಸೋಮವಾರದೊಳಗೆ ಹೊಸದಾಗಿ ಬರೆದು ತಾ ಅಂದರು.

ಭಾನುವಾರ ಮಾನಸ ಪುಸ್ತಕ ಹಿಡಿದು ತಾತನ ಎದುರು ಕೂತಳು. ಬಿಸಿ ಡಾಂಬರಿನ ಮೇಲೆ ರೋಲರ್ ನಿಲ್ಲಿಸಿದರೆ ರಸ್ತೆ ತಗ್ಗು ಬೀಳುತ್ತದೆ, ಅದಕ್ಕೇ ಊಟಕ್ಕೂ ಇಳಿಯುವಂತಿರಲಿಲ್ಲ ಎಂದು ಅವನು ಹೇಳಿದ. ಹೆಂಡತಿ ಬುತ್ತಿ ತರುತ್ತಿದ್ದಳು. ರೋಲರ್ ಮುಂದೆ ಹೋದರೆ ಮುಂದೆ, ಹಿಂದೆ ಬಂದರೆ ಹಿಂದೆ, ಪಕ್ಕದಲ್ಲೇ ನಡೆಯುತ್ತ ಒಂದೊಂದೇ ತುತ್ತು ಮುದ್ದೆ ಕೈಗಿಡುತ್ತಿದ್ದಳು.

“ರಸ್ತೆ ಮುಗಿಯೋ ಹೊತ್ಗೆ ಮುದ್ದೇನೂ ಮುಗೀತಿತ್ತು.”

ಅಡುಗೆಮನೆಯಿಂದ ಸೌಮ್ಯ ಬಂದು ನಿಂತಿದ್ದಳು. “ಇದ್ನ ಅತ್ತೆ ನಂಗೆ ಹೇಳೇ ಇರ್ಲಿಲ್ಲ ಮಾವ.”

“ನೀನೆಲ್ಲಿ ಕೇಳ್ದೆ?”

ಸೌಮ್ಯ ಮಗಳ ಪಕ್ಕ ಕೂತಳು. “ಫೋನಿಗೆ ಇದೆಲ್ಲಿ ಗೊತ್ತಾಗ್ಬೇಕು? ಬರ್ಕೋ, ಒಂದೂ ಬುಡ್ಬೇಡ.”

ಓದುತ್ತಿರುವ ಮಕ್ಕಳೇ, ಮಕ್ಕಳ ಬೆನ್ನು ಕಾಯುವ ತಂದೆತಾಯಿಗಳೇ, ಎಐ ಬಳಸಬೇಡಿ ಎಂದು ಯಾರೂ ಹೇಳುತ್ತಿಲ್ಲ. ಬಳಸಿದ್ದರೆ ಬಾಯಿಬಿಟ್ಟು ಹೇಳಿ. ಅದು ಮಾಡಿದ ಕೆಲಸದ ಕೆಳಗೆ ನಿಮ್ಮ ಹೆಸರು ಹಾಕಬೇಡಿ. ನಿಮ್ಮ ಮನೆಯಲ್ಲೂ ಒಬ್ಬರು ಹಲ್ಲು ಸೆಟ್ ಹಾಕಿಕೊಂಡು ಕಾಯುತ್ತಿರಬಹುದು. ಇವತ್ತೇ ಹೋಗಿ ಕೇಳಿ.