ಆನೆಬಂಡೆಯ ಮೀನು

"ಇಲ್ಲೇನ್ ಮೀನೈತವ್ವ? ಇಲ್ಲಿ ಯಾರೂ ಗಾಳ ಹಾಕಕಿಲ್ಲ," ಎಂದ ಮುದುಕ.

ನೂರೀನ್‌ಗೆ ಆ ಮಾತು ಕೂಡಲೇ ಕಿವಿಗೆ ಇಳಿಯಲಿಲ್ಲ. ಆನೆಬಂಡೆಯ ಇಳಿಜಾರಿನಲ್ಲಿ ನಿಂತು, ಕಲ್ಲು ನೀರಿಗೆ ತಾಗುವ ಕಡೆ ಕಪ್ಪಗೆ ಕಟ್ಟಿದ್ದ ಪಾಚಿಯನ್ನು ನೋಡುತ್ತಿದ್ದಳು. ಗಂಡ ಮುಬಶ್ಶಿರ್ ಕಾಲು ಜಾರಿದ್ದು ಅಲ್ಲೇ ಇರಬೇಕು. ನಾದಿನಿ ಜುವೇರಿಯಾ ಹಿಂದಿನಿಂದ ಅವಳ ಬುರ್ಖಾದ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಯಾಕಿಲ್ಲ?" ಎಂದಳು ನೂರೀನ್.

ಮುದುಕ ಬಂಡೆಯ ಪಕ್ಕದ ತಗ್ಗಿನಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದ. ಹೆಸರು ಚೆಲುವಯ್ಯ ಅಂತ ಕೇಳದೆಯೇ ಹೇಳಿಕೊಂಡಿದ್ದ. "ಕೊರವನ ಮೀನಿಗೆ ಮರೆ ಬೇಕು ಕಣವ್ವ. ಜೊಂಡು, ಅಂತರಗಂಗೆ, ಬಿದ್ದ ಮರ, ಇಂಥವು. ಇಲ್ಲೇನೈತೆ? ಬರೀ ಕಲ್ಲು. ಕೆಳಗೆ ಮೂರಾಳು ನೀರು. ಅಗೋ, ಆ ಕಡೆ ಜೊಂಡು ಕಾಣ್ತದಲ್ಲ, ಹಾಕುದ್ರೆ ಅಲ್ಲಿ ಹಾಕ್ಬೇಕು. ಈ ಎಮ್ಮೆನ ಕೇಳಿದ್ರೂ ಹೇಳ್ತದೆ." ಒಂದು ಚೊಂಬು ನೀರು ಸುರಿದು ಮತ್ತೆ ಹೇಳಿದ: "ಐದು ತಿಂಗ್ಳಾಗ್ತಾ ಬಂತು, ಟೌನಿನ ಸಾಬ್ರೊಬ್ರು ಇಲ್ಲೇ ಜಾರಿ ಹೋಗ್ಬುಟ್ರು. ಚಿಕ್ ವಯಸ್ಸಿನೋರು. ಯಾವ ಪುಣ್ಯಾತ್ಮ ಹೇಳಿದ್ನೋ ಇಲ್ಲಿ ಮೀನೈತೆ ಅಂತ."

"ಬನ್ನಿ ಭಾಬಿ," ಎಂದಳು ಜುವೇರಿಯಾ. ನೂರೀನ್ ಕದಲಲಿಲ್ಲ.

ಗಂಡ ಸತ್ತ ಮೇಲೆ ಮನೆಯೊಳಗೇ ಕಳೆಯಬೇಕಾದ ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಅವಳು ರಾಮನಗರದ ಆ ಮನೆಯ ಹೊಸಿಲು ದಾಟಿರಲಿಲ್ಲ. ಮೊನ್ನೆ ಅದು ಮುಗಿದಾಗ ಅತ್ತೆ, "ಎಲ್ಲಿಗಾದ್ರೂ ಹೋಗಿ ಬಾ ಬೇಟಿ, ತವರಿಗಾದ್ರೂ ಹೋಗು," ಎಂದಿದ್ದರು. ಅವಳು ಕೈಲಾಂಚದ ಕೆರೆಗೆ ಹೋಗಬೇಕು ಎಂದಳು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಜುವೇರಿಯಾ ಸ್ಕೂಟಿ ತೆಗೆದಿದ್ದಳು.

ಮುಬಶ್ಶಿರ್ ವಾರವಿಡೀ ತಂದೆಯ ಫಿಲೇಚರಿನಲ್ಲಿ ಗೂಡಿನಿಂದ ರೇಷ್ಮೆ ನೂಲು ಬಿಚ್ಚಿಸುತ್ತಿದ್ದ. ರಜೆ ಸಿಕ್ಕ ಬೆಳಗು ಗಾಳ. ರಾಮನಗರ, ಚನ್ನಪಟ್ಟಣ, ಮಾಗಡಿ ಎಲ್ಲ ಸೇರಿ ಹನ್ನೊಂದು ಜನರ ಒಂದು ವಾಟ್ಸಾಪ್ ಗ್ರೂಪ್. ಯಾವ ಕೆರೆ, ಯಾವ ಮೂಲೆ, ಗಾಳಕ್ಕೆ ರಬ್ಬರ್ ಕಪ್ಪೆಯೋ ಎರೆಹುಳುವೋ, ಎಷ್ಟು ನಿಧಾನ ಎಳೆಯಬೇಕು, ಎಲ್ಲ ಅದರಲ್ಲಿ. ಮುಬಶ್ಶಿರ್ ಕೆರೆಯ ಗಿಡಗಳನ್ನು ಒದ್ದೆ ಕರ್ಚೀಫಿನಲ್ಲಿ ಸುತ್ತಿ ತಂದು, ಸಸ್ಯಶಾಸ್ತ್ರ ಓದಿದ ಹೆಂಡತಿಯ ಮುಂದೆ ಹರವುತ್ತಿದ್ದ. "ಇದರ ಹೆಸರೇನು ಹೇಳು, ಇದರ ಕೆಳಗೇ ಸಿಕ್ಕಿದ್ದು." ಮರುಗಳಿಗೆ ಆ ಹೆಸರು, ಫೋಟೋ, ಜಾಗ, ಸಮಯ ಎಲ್ಲ ಗ್ರೂಪಿಗೆ. ಕೆಂಪು ಮರಿಗಳ ಹಿಂಡು ಕಂಡರೆ ತಾಯಿಮೀನಿಗೆ ಗಾಳ ಹಾಕಬೇಡಿ ಎಂದು ಕೊನೆಗೊಂದು ಸಾಲು.

ಅವನ ಫೋನಿನಲ್ಲಿ ಅವನು ಓದಿದ ಕೊನೆಯ ಮೆಸೇಜು ಮನೋಹರನದು. ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಪರಿಚಯವಾದ ಕೈಲಾಂಚದ ರೈತ, ಅವನ ಹತ್ತಿರದ ಗೆಳೆಯ. "ನಾಳೆ ಬೆಳಗ್ಗೆ ಆನೆಬಂಡೆ ಮೇಲಿಂದ ಕಪ್ಪೆ ಹಾಕು. ನೀರಿನ ಅಂಚಿಗೆ ಇಳಿದು ಹಾಕು. ಎರಡು ಕೆಜಿದು ಕೂತೈತೆ." ಇದ್ದತ್‌ನ ದಿನಗಳಲ್ಲಿ ನೂರೀನ್ ಅದನ್ನು ಎಷ್ಟು ಸಲ ಓದಿದ್ದಳೋ. ಕೊನೆಯ ಗಳಿಗೆಯಲ್ಲಿ ಅವನ ಕಣ್ಣ ಮುಂದೆ ಒಂದು ದೊಡ್ಡ ಮೀನಿತ್ತು, ಆಸೆಯಿತ್ತು. ಅವಳಿಗೆ ಅನ್ನ ಇಳಿಯುತ್ತಿದ್ದುದು ಅದೊಂದನ್ನು ನೆನೆದು.

"ಮನೋಹರ್ ಮನೆಗೆ ಹೋಗೋಣ," ಎಂದಳು.

"ಈಗಲಾ?"

"ಈಗಲೇ."

ಮನೋಹರನ ಹೆಂಡತಿ ನಯನಾ ಜಗಲಿಯಲ್ಲಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಳು. ಇವರನ್ನು ಕಂಡು ಕುಡುಗೋಲು ಬಿಟ್ಟು ಎದ್ದಳು. "ಬನ್ನಿ, ಬನ್ನಿ. ಎಷ್ಟು ಸೊರಗಿ ಹೋಗ್ಬುಟ್ಟಿದ್ದೀರ. ಕೂತ್ಕಳಿ, ಕಾಫಿ ಇಡ್ತೀನಿ. ರೀ, ಯಾರು ಬಂದವ್ರೆ ನೋಡಿ." ಮನೋಹರ ರೇಷ್ಮೆಹುಳದ ಮನೆಯಿಂದ ಬಗ್ಗಿ ಹೊರಬಂದ. ಈ ಮನೆಯನ್ನು ಅತ್ತೆ ದಿನವೂ ದುವಾದಲ್ಲಿ ನೆನೆಯುತ್ತಿದ್ದರು. ಮುಬಶ್ಶಿರ್‌ನನ್ನು ಎಲ್ಲರಿಗಿಂತ ಮೊದಲು ಬಂದು ನೀರಿನಿಂದ ಎತ್ತಿದವನು ಇವನೇ.

"ಬಂಡೆ ಹತ್ರ ಹೋಗಿದ್ವಿ," ಎಂದಳು ನೂರೀನ್. "ಅಲ್ಲಿ ಮೀನಿಲ್ಲವಂತೆ."

ಅವನು ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಇನ್ನೊಮ್ಮೆ ಒರೆಸಿಕೊಂಡು ಸೊಪ್ಪಿನ ರಾಶಿಯ ಪಕ್ಕ ಕುಳಿತ.

"ಇಲ್ಲ ಭಾಬಿ."

"ಮತ್ತೆ?"

"ನಾವೆಲ್ಲ ಹಂಗೇ. ಕೆರೆ ನಿಜ ಹೇಳ್ತೀವಿ, ಜಾಗ ಒಸಿ ಪಕ್ಕಕ್ಕೆ ಹೇಳ್ತೀವಿ. ಸಿಕ್ಕಿದ ಜಾಗ ಹೇಳ್ಬುಟ್ರೆ ಮುಂದಿನ್ ವಾರ ಹತ್ತು ಜನ ಬಂದು ಕೂರ್ತಾರಲ್ಲ. ಹೋದೋರಿಗೆ ನೋಡ್ತಿದ್ದಂಗೇ ತಿಳೀತದೆ. ನಾಕು ಬೈಕೊಂಡು, ಸುತ್ತ ಹುಡುಕ್ಕೊಂಡು, ಅವ್ರೇ ಸರಿಯಾದ ಜಾಗ ಕಂಡ್ಕೋತಾರೆ. ಗ್ರೂಪಲ್ಲಿ ಎಲ್ಲಾರ್ಗೂ ಗೊತ್ತಿರೋದೇ."

"ಅವರಿಗೆ ಗೊತ್ತಿತ್ತಾ?"

ಮನೋಹರ ಸೊಪ್ಪಿನ ಒಂದು ಎಲೆಯನ್ನು ಮಡಿಸಿದ, ಬಿಚ್ಚಿದ. "ಅವ್ನೊಬ್ನೇ ಇದ್ದುದ್ದು ಇದ್ದಂಗೆ ಹೇಳ್ತಿದ್ದ. ಸಾಬ್ರ ಹೊಟ್ಟೇಲಿ ಮಾತು ನಿಲ್ಲಕಿಲ್ಲ ಅಂತ ಆಡ್ಕೊಂಡು ನಗ್ತಿದ್ವಿ. ಬಂಡೆ ನೋಡ್ತಲೇ ಅವ್ನಿಗೆ ತಿಳೀತದೆ, ಫೋನ್ ಮಾಡಿ ಉಗೀತಾನೆ ಅಂತ್ಲೇ ಅನ್ಕಂಡಿದ್ದೆ."

ಕೆರೆಯಿಂದ ಈ ಮನೆ ಎರಡು ಮೈಲಿ. ದಾರಿಯುದ್ದಕ್ಕೂ ನೂರೀನ್ ಅದನ್ನೇ ಲೆಕ್ಕ ಹಾಕುತ್ತ ಬಂದಿದ್ದಳು.

"ನೀವು ಅಷ್ಟು ಬೇಗ ಹೇಗೆ ಬಂದ್ರಿ ಅಲ್ಲಿಗೆ?"

ಅವನು ತಲೆ ಎತ್ತಲಿಲ್ಲ. "ಅಲ್ಲೇ ಇದ್ದೆ. ಜೊಂಡಲ್ಲಿ."

ಕಾಫಿ ಲೋಟಗಳನ್ನು ಹಿಡಿದು ಬಂದ ನಯನಾ ಬಾಗಿಲಲ್ಲೇ ನಿಂತಳು. "ತೋಟಕ್ಕೆ ಹೋಗಿದ್ದೆ, ದಾರೀಲಿ ಕೂಗು ಕೇಳಿಸ್ತು ಅಂತ ನೀವೇ ಅಂದಿದ್ರಿ."

"ಜೊಂಡಲ್ಲಿದ್ದೆ ಕಣೆ." ಆಮೇಲೆ ಅವನು ಯಾರನ್ನೂ ನೋಡದೆ ಹೇಳುತ್ತ ಹೋದ. "ಅವ್ನ ಗಾಡಿ ಸದ್ದು ಕೇಳಿ ಬಗ್ಗಿ ಕೂತ್ಕಂಡೆ. ಕಂಡ್ರೆ ಜಾಗ ಗೊತ್ತಾಗ್ಬುಡ್ತದಲ್ಲ ಅಂತ. ಬಂಡೆ ಮೇಲೆ ನಿಂತು ಹಾಕ್ದ. ಹಾಕ್ತಾನೇ ಇದ್ದ. ಒಂದ್ ಗಂಟೆ. ಈಗ ಹೋಯ್ತಾನೆ, ಈಗ ಹೋಯ್ತಾನೆ ಅಂತ ನೋಡ್ತಿದ್ದೆ. ಹೋಗ್ಲಿಲ್ಲ. ಒಂದೊಂದೇ ಹೆಜ್ಜೆ ಕೆಳಕ್ಕಿಳೀತಾ ಬಂದ. ಕೂಗಿ ಕರ್ದು ಹೇಳ್ಬುಡನ ಅನ್ಕಂಡೆ."

"ಯಾಕೆ ಕೂಗಲಿಲ್ಲ?" ಕೇಳಿದವಳು ಜುವೇರಿಯಾ.

"ಆಗ್ಲೇ ನನ್ ಗಾಳಕ್ಕೆ ಕಚ್ತು." ಅವನ ದನಿ ಸಣ್ಣದಾಯಿತು. "ದೊಡ್ದು. ಎಳೀತಿದ್ದೆ. ಆಚೆ ಕಡೆ ದಬಕ್ ಅಂತ ಸದ್ದಾಯ್ತು. ಕೇಳಿಸ್ತು ನಂಗೆ. ಮೀನು ದಡಕ್ಕೆ ಹಾಕ್ಬುಟ್ಟು ಆಮೇಲೆ ತಿರುಗಿ ನೋಡ್ದೆ."

ಹುಳದ ಮನೆಯೊಳಗೆ ಸಾವಿರಾರು ಹುಳು ಸೊಪ್ಪು ತಿನ್ನುವ ಸದ್ದು ಕೇಳುತ್ತಿತ್ತು. ನಯನಾ ಲೋಟಗಳನ್ನು ಎಲ್ಲಿಡುವುದೆಂದು ತೋಚದೆ ಹಿಡಿದುಕೊಂಡೇ ನಿಂತಿದ್ದಳು. ನೂರೀನ್‌ಗೆ ಅಳು ಬರಲಿಲ್ಲ. ಈ ಮನುಷ್ಯನಿಗೆ ತಾನು ಮೂರನೆಯ ದಿನವೇ ಥ್ಯಾಂಕ್ಸ್ ಎಂದು ಬರೆದು ಕಳಿಸಿದ್ದು ನೆನಪಾಯಿತು. ಅವನು ಕೈಮುಗಿಯುವ ಚಿತ್ರವೊಂದನ್ನು ಉತ್ತರವಾಗಿ ಕಳಿಸಿದ್ದ.

"ಗ್ರೂಪಲ್ಲಿ ಬರೀರಿ," ಎಂದಳು.

"ಏನಂತ ಭಾಬಿ?"

"ಆನೆಬಂಡೆಯಲ್ಲಿ ಮೀನಿಲ್ಲ ಅಂತ. ನಿಮ್ಮ ಮಾತು ನಂಬಿ ಇನ್ಯಾರೂ ಅಲ್ಲಿಗೆ ಇಳಿಯಬಾರದು. ನೀವು ಎಲ್ಲಿದ್ರಿ ಅನ್ನೋದನ್ನೂ ಬರೀರಿ."

ಮನೋಹರ ಹೆಂಡತಿಯತ್ತ ನೋಡಿದ. "ಬರೀರಿ," ಎಂದಳು ನಯನಾ. ಅವನ ಹೆಬ್ಬೆರಳಿಗೆ ಸೊಪ್ಪಿನ ಅಂಟು ಹತ್ತಿತ್ತು, ಅಕ್ಷರಗಳು ಬೇಗ ಮೂಡಲಿಲ್ಲ. ನೂರೀನ್ ಅವನು ಬರೆದು ಮುಗಿಸುವವರೆಗೆ ನಿಂತಿದ್ದು, ಕಾಫಿ ಮುಟ್ಟದೆ ಅಂಗಳಕ್ಕಿಳಿದಳು.

ಕೈಲಾಂಚ ದಾಟಿ ಡೈರಿಯ ತಿರುವು ಬರುವಷ್ಟರಲ್ಲಿ ಅವಳ ಬ್ಯಾಗಿನಲ್ಲಿ ಮುಬಶ್ಶಿರ್‌ನ ಫೋನು ಗುಂಯ್‌ಗುಟ್ಟಿತು. ಮತ್ತೆ. ಮತ್ತೆ. ಜುವೇರಿಯಾ ಗಾಡಿಯನ್ನು ಹೊಂಗೆಮರದ ನೆರಳಿಗೆ ನಿಲ್ಲಿಸಿದಳು. "ಯಾರು ಭಾಬಿ?"

ಗ್ರೂಪಿನಲ್ಲಿ ಮೊದಲು ಮನೋಹರನ ಸಾಲುಗಳು. ಆಮೇಲೆ ಚನ್ನಪಟ್ಟಣದ ಬೊಂಬೆ ಮಾಡುವ ಇದ್ರೀಸ್: "ಯಾ ಅಲ್ಲಾಹ್. ನಾನೂ ಹೇಳ್ತೀನಿ. ಕಣ್ವದಲ್ಲಿ ನಾನು ಮುಬಶ್ಶಿರ್ ಭಾಯಿಗೆ ಹೇಳಿದ್ದು ಕೋಡಿ ಹತ್ರ. ಸಿಕ್ಕಿದ್ದು ಅಲ್ಲಲ್ಲ, ಮುಳುಗಿದ ಹುಣಸೆಮರದ ಹತ್ರ." ಅದರ ಕೆಳಗೆ ಮಾಗಡಿಯ ಸಾಬೀರ್: "ಮಂಚನಬೆಲೇದೂ ಸುಳ್ಳು. ಮಾಫ್ ಮಾಡಿ." ಅದರ ಕೆಳಗೆ ಹೆಸರಿಲ್ಲದ ಒಂದು ನಂಬರು, ಕಲ್ಯದ ಕೆರೆ. ನೂರೀನ್ ಓದುತ್ತಿದ್ದಂತೆಯೇ ಇನ್ನೊಬ್ಬರು ಬರೆಯುತ್ತಿದ್ದಾರೆ ಎಂದು ತೋರಿಸಿತು ಫೋನು.

ಕಣ್ವ, ಮಂಚನಬೆಲೆ, ಕಲ್ಯ. ಒಂದೊಂದೂ ಒಂದೊಂದು ಭಾನುವಾರ. ಅವಳಿಗೆ ಆ ಎಲ್ಲ ಭಾನುವಾರಗಳೂ ನೆನಪಿದ್ದವು. ಮುಬಶ್ಶಿರ್ ಖಾಲಿ ಚೀಲ ಹಿಡಿದು ಬಂದು, "ಅವರೆಲ್ಲ ಅಲ್ಲೇ ಹಿಡೀತಾರೆ ನೂರೀನ್, ನನಗೆ ಎಸೆಯೋದೇ ಬರಲ್ಲ," ಎನ್ನುತ್ತಿದ್ದ. ಚಹಾ ಕುಡಿದು ಗಾಳದ ರಾಡು ತೆಗೆದುಕೊಂಡು ತಾರಸಿಗೆ ಹೋಗುತ್ತಿದ್ದ. ಆ ತುದಿಯಲ್ಲಿ ಬಟ್ಟೆ ನೆನೆಸುವ ನೀಲಿ ಟಬ್ಬು ಇಟ್ಟು, ಈ ತುದಿಯಲ್ಲಿ ನಿಂತು, ಸಂಜೆಯ ಮಗರಿಬ್‌ನ ಅಜಾನ್ ಆಗುವವರೆಗೆ ರಬ್ಬರ್ ಕಪ್ಪೆಯನ್ನು ಎಸೆಯುತ್ತಿದ್ದ. ಒಣಗಿದ ಬಟ್ಟೆ ತೆಗೆಯಲು ಹೋದವಳು ಗೋಡೆಗೊರಗಿ ನೋಡುತ್ತಿದ್ದಳು. ಹತ್ತು ಎಸೆದರೆ ಒಂಬತ್ತು ಟಬ್ಬಿನೊಳಗೇ ಬೀಳುತ್ತಿದ್ದವು.