ಅಜ್ಜಿಯ ಬಾಯಿಗೆ ಬೀಗ

"ಕನ್ನಡದಾಗ ಮಾತಾಡು, ಇಲ್ಲಂದ್ರ ಬಾಯಿ ಮುಚ್ಕೊಂಡು ಕುಂದ್ರು."

ನನ್ನ ತಮ್ಮ ಅಬ್ದುಲ್ ವಹೀದ್ ಈ ಮಾತು ಅಂದದ್ದು ಹೆತ್ತ ತಾಯಿಗೆ. ಅಮ್ಮ, ಖಾಸಿಂ ಬೀ, ಅವನ ಮಗ ರಿಹಾನ್‌ನನ್ನು ತೊಡೆಯ ಮೇಲೆ ಕೂರಿಸಿಕೊಂಡು ನಮ್ಮ ಮನೆಮಾತು ದಖನಿ ಉರ್ದುವಿನಲ್ಲಿ ಜೋಗುಳ ಹಾಡುತ್ತಿದ್ದಳು. ಅದೇ ಅಪರಾಧ.

ರಿಹಾನ್‌ಗೆ ನಾಲ್ಕು ವರ್ಷ. ಆಟಿಸಂ ಅಂದಿದ್ದಾರೆ. ಇನ್ನೂ ಒಂದು ಶಬ್ದ ಆಡಿಲ್ಲ. ನಮ್ಮೂರು ದೇವದುರ್ಗದಿಂದ ರಾಯಚೂರಿಗೆ ಥೆರಪಿಗೆ ಹೋಗುತ್ತಾನೆ. ಎರಡು ಭಾಷೆ ಕಿವಿಗೆ ಬಿದ್ದರೆ ಮಗು ಗೊಂದಲಕ್ಕೆ ಬೀಳುತ್ತದೆ, ಮನೆಯಲ್ಲೂ ಕನ್ನಡವೊಂದೇ ಇರಲಿ ಎಂದಳು ಅಲ್ಲಿನ ಮೇಡಂ. ಹುಟ್ಟಿದಾಗಿನಿಂದ ದಖನಿ ಆಡಿದ ನಾವು ನಮ್ಮದೇ ಮನೆಯಲ್ಲಿ ತಹಶೀಲ್ದಾರರ ಕಚೇರಿಗೆ ಬಂದವರಂತೆ ಮಾತಾಡತೊಡಗಿದೆವು.

ವಹೀದನ ಹೆಂಡತಿ ನಾಹಿದ್ ಒಪ್ಪಲಿಲ್ಲ. ತವರೂರು ಮಾನ್ವಿಯಲ್ಲಿ ಇನ್ನೊಬ್ಬ ಡಾಕ್ಟರನ್ನು ಕೇಳಿ ಬಂದಳು. ಮನೆಮಾತಿನಿಂದ ಯಾವ ಮಗುವೂ ಕೆಡುವುದಿಲ್ಲ, ಅಜ್ಜಿಯ ಹಾಡು ನಿಲ್ಲಿಸಬೇಡಿ ಎಂದಿದ್ದರಂತೆ ಅವರು. ವಹೀದ್ ನಕ್ಕುಬಿಟ್ಟ. ಆ ಡಾಕ್ಟರ ಕೋಣೆಯಲ್ಲಿ ಒಂದು ಆಟಿಕೆಯೂ ಇಲ್ಲ, ರಾಯಚೂರಿನ ಸೆಂಟರಿನಲ್ಲಿ ಎಸಿ ಇದೆ ಎಂದ.

ಎಸಿಯ ಮುಂದೆ ಮುದುಕಿ ಯಾವ ಲೆಕ್ಕ? ಆದರೆ ಅಮ್ಮ ಹಾಡು ನಡುವೆ ನಿಲ್ಲಿಸಿದರೆ ರಿಹಾನ್ ಅವಳ ಗಂಟಲಿನ ಮೇಲೆ ಅಂಗೈ ಇಟ್ಟು ಒತ್ತುತ್ತಿದ್ದ. ಮುಂದೆ ಹಾಡು ಅಂತ. ಆ ಕೂಸು ಈ ಲೋಕದಲ್ಲಿ ಯಾರನ್ನಾದರೂ ಏನಾದರೂ ಕೇಳಿದ್ದು ಅದೊಂದನ್ನೇ.

"ಸಂತ್ಯಾಗ ಬದನಿಕಾಯಿ ಚೌಕಾಸಿ ಮಾಡೋ ಮಾತಿನ್ಯಾಗ ಕೂಸಿಗೆ ಹೆಂಗ ಮುದ್ದು ಮಾಡ್ಲೋ?" ಎಂದಳು ಅಮ್ಮ ಆ ದಿನ ವಹೀದನಿಗೆ. ಕನ್ನಡದಲ್ಲೇ ಕೇಳಿದಳು.

"ಮಾಡಬ್ಯಾಡ. ನಿನ್ನ ಮುದ್ದಿನಿಂದನ ಅವ ಮೂಕ ಆಗ್ಯಾನ."

ನಾನು ಅವನ ಕೆನ್ನೆಗೆ ಬಾರಿಸಿದೆ. ಅಷ್ಟರಲ್ಲಿ ರಿಹಾನ್ ಅಮ್ಮನ ಗಂಟಲು ಒತ್ತಿದ. ಅವಳು ವಹೀದನ ಮುಖ ನೋಡಿದಳು, ಬಾಯಿ ತೆರೆಯಲಿಲ್ಲ. ಕೂಸು ಮತ್ತೆ ಒತ್ತಿತು. ಆಮೇಲೆ ತೊಡೆಯಿಂದ ಜಾರಿ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿತು. ನಾಹಿದ್ ಓಡಿಬಂದು ಎತ್ತಿಕೊಂಡಳು.

ಅಮ್ಮ ಎದ್ದು ಬುರ್ಖಾ ಹಾಕಿಕೊಂಡಳು. ಎಲ್ಲಿಗೆ ಎಂದರೆ ಮಾನ್ವಿಗೆ, ತನ್ನ ತಂಗಿಯ ಮನೆಗೆ ಎಂದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಆ ಕಡೆ ಸರಿ ಬೇ ಮಗಳ. ನಾ ಇಲ್ಲಿದ್ರ ಕೂಸು ಕೇಳ್ತದ. ಕೇಳಿದ್ರ ಕೊಡಾಕ ಆಗಂಗಿಲ್ಲ."

ಹೋಗಲಿ ಬಿಡು, ಸಿಟ್ಟು ಇಳಿದ ಮೇಲೆ ತಾನೇ ಬರುತ್ತಾಳೆ ಎಂದ ವಹೀದ್. ಅಮ್ಮ ಬಸ್ಸು ಹತ್ತಿದಳು. ಮತ್ತೆ ಬರಲಿಲ್ಲ.